ಹೋಟೆಲಿನಲ್ಲಿ ಹುಟ್ಟಿದ ಹಬ್ಬದೂಟ

ಹಬ್ಬದ ಅಡುಗೆ ಮನೆಯ ಒಲೆ ಬಿಟ್ಟು ಹೋಟೆಲಿನ ಮೇಜಿಗೆ ಹೋಯಿತೆಂದರೆ ಹಬ್ಬದ ಕಳೆಯೇ ಹೋಯಿತು ಎಂದು ಮರುಗುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಮನೆಯಲ್ಲಿ ಮಾಡಿದ್ದು ಸಂಪ್ರದಾಯ, ದುಡ್ಡು ಕೊಟ್ಟು ತಿಂದದ್ದು ವ್ಯಾಪಾರ ಎಂಬ ಗೆರೆ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಆ ಗೆರೆ ಎಷ್ಟು ಸರಿ ಎಂದು ಒರೆಗೆ ಹಚ್ಚಲು ಸಿಂಗಪುರಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಎದುರು ಸಿಕ್ಕವರನ್ನು ‘ಊಟ ಆಯ್ತಾ’ ಎಂದು ವಿಚಾರಿಸುವ ರೂಢಿ ನಮ್ಮಂತೆ ಅಲ್ಲೂ ಇದೆ. ಬೀದಿಬದಿಯ ತಿಂಡಿಗಾಡಿಗಳಿಂದ ಬೆಳೆದ ಅಲ್ಲಿನ ಹಾಕರ್ ಸೆಂಟರುಗಳ ಸಂಸ್ಕೃತಿಯನ್ನು ಯುನೆಸ್ಕೊ 2020ರ ಡಿಸೆಂಬರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಊರಿನ ಸುಮಾರು ಮುಕ್ಕಾಲು ಪಾಲು ಜನ ಚೀನೀ ಮೂಲದವರು. ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಬರುವ ಅವರ ಹೊಸ ವರ್ಷದ ಹದಿನೈದು ದಿನವೂ ಒಂದು ತಿನಿಸು ಊರನ್ನು ಆಳುತ್ತದೆ. ಅದರ ಹೆಸರು ಯೂಶೆಂಗ್, ಹಸಿ ಮೀನು ಬೆರೆಸಿದ ಕೋಸಂಬರಿ ಅನ್ನಿ. ಅದಿಲ್ಲದೆ ಹೊಸ ವರ್ಷವೇ ಇಲ್ಲ ಎನ್ನುವಷ್ಟು ಬೇರೂರಿರುವ ಈ ತಿನಿಸು ಯಾವ ಅಜ್ಜಿಯ ಅಡುಗೆಮನೆಯಿಂದಲೂ ಬಂದದ್ದಲ್ಲ. ಅಲ್ಲಿ ಇಂದು ಕಾಣುವ ರೂಪದಲ್ಲಿ ಅದು ರೂಢಿಗೆ ಬಂದದ್ದು 1964ರಿಂದ, ಹೋಟೆಲುಗಳ ಮೂಲಕ.

ಅದನ್ನು ತಿನ್ನುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದುಂಡು ಮೇಜಿನ ನಡುವೆ ಅಗಲವಾದ ತಟ್ಟೆ. ಅದರಲ್ಲಿ ನೂಲಿನಂತೆ ಸಣ್ಣಗೆ ಹೆಚ್ಚಿದ ಬಿಳಿ ಮೂಲಂಗಿ, ಹಸಿರು ಮೂಲಂಗಿ, ಕ್ಯಾರೆಟ್‌ಗಳ ಗುಪ್ಪೆಗಳು, ಪಕ್ಕದಲ್ಲಿ ಉಪ್ಪಿನಲ್ಲಿ ನೆನೆದ ಶುಂಠಿ, ಬಿಡಿಸಿದ ಚಕ್ಕೋತದ ತೊಳೆ. ಬಡಿಸುವವರು ಒಂದೊಂದೇ ಪದಾರ್ಥವನ್ನು ಮೇಲೆ ಹಾಕುತ್ತ ಒಂದೊಂದು ಶುಭದ ಮಾತು ಹೇಳುತ್ತಾರೆ. ಕಾಗದದಷ್ಟು ತೆಳುವಾಗಿ ಕೊಯ್ದ ಮೀನು ಬೀಳುವಾಗ ವರ್ಷವಿಡೀ ಮಿಗುವಷ್ಟು ಇರಲಿ ಎಂಬ ಹಾರೈಕೆ, ಏಕೆಂದರೆ ಚೀನೀ ಮಾತಿನಲ್ಲಿ ಮೀನಿಗೂ ಮಿಗತೆಗೂ ಉಚ್ಚಾರ ಒಂದೇ. ಆಮೇಲೆ ಮೆಣಸಿನ ಪುಡಿ, ದಾಲ್ಚಿನ್ನಿ ಪುಡಿ, ಸುತ್ತಲೂ ಎಣ್ಣೆ, ಕುಟ್ಟಿದ ಕಡಲೆಕಾಯಿ ಬೀಜ, ಎಳ್ಳು, ಸಿಹಿಹುಳಿ ಪ್ಲಮ್ ಸಾಸ್, ಕೊನೆಗೆ ಬಂಗಾರದ ಬಣ್ಣಕ್ಕೆ ಕರಿದ ಹಿಟ್ಟಿನ ಪುಟ್ಟ ಬಿಲ್ಲೆಗಳು. ಇಷ್ಟಾದ ಮೇಲೆ ಮೇಜಿನ ಸುತ್ತ ಇರುವವರೆಲ್ಲ ಎದ್ದು ನಿಲ್ಲುತ್ತಾರೆ. ಎಲ್ಲರ ಚಾಪ್‌ಸ್ಟಿಕ್‌ಗಳೂ ಒಮ್ಮೆಗೇ ತಟ್ಟೆಗಿಳಿದು ಎಲ್ಲವನ್ನೂ ಮೇಲಕ್ಕೆ ಎತ್ತಿ ಎತ್ತಿ ಕಲಸುತ್ತವೆ. ಎತ್ತಿದಷ್ಟು ಏಳಿಗೆ ಎಂಬ ನಂಬಿಕೆ. ಆರೋಗ್ಯ, ಓದು, ಸಂಬಳ, ಮಗು ಎಂದು ಬೇಕಾದದ್ದನ್ನೆಲ್ಲ ಗಟ್ಟಿಯಾಗಿ ಕೂಗುತ್ತಾರೆ, ನಡುನಡುವೆ ‘ಹುವಾತ್ ಆ’ ಎಂಬ ಏಳಿಗೆಯ ಘೋಷ. ಈ ಕಲಸುವ ವಿಧಿಗೆ ‘ಲೋ ಹೇ’ ಎನ್ನುತ್ತಾರೆ. ತಿನ್ನುವುದು ಆಮೇಲಿನ ಮಾತು.

ಹೊಸ ವರ್ಷಕ್ಕೆ ಹಸಿ ಮೀನು ತಿನ್ನುವುದು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಸೀಮೆಯ ಹಳೆಯ ರೂಢಿ. ನ್ಯೂವಾ ಎಂಬ ದೇವತೆ ಏಳನೆಯ ದಿನ ಮನುಷ್ಯರನ್ನು ಸೃಷ್ಟಿಸಿದಳೆಂಬ ಕತೆಯಿಂದಾಗಿ ಹೊಸ ವರ್ಷದ ಏಳನೆಯ ದಿನ ಎಲ್ಲರ ಹುಟ್ಟುಹಬ್ಬ. ಅಂದು ಹಸಿ ಮೀನು ತಿನ್ನುವ ಪದ್ಧತಿಯನ್ನು ಕ್ಯಾಂಟನೀಸ್ ಮತ್ತು ತಿಯೋಚು ವಲಸಿಗರು ಸಿಂಗಪುರಕ್ಕೂ ತಂದರು. ಆದರೆ ಆಗಿನ ತಟ್ಟೆ ಸರಳವಾಗಿತ್ತು. ಮೀನಿನ ಹೋಳಿನ ಜೊತೆ ಒಂದಿಷ್ಟು ತರಕಾರಿ ಇಟ್ಟರೆ, ವಿನೆಗರ್, ಸಕ್ಕರೆ, ಎಳ್ಳೆಣ್ಣೆಗಳನ್ನು ತಿನ್ನುವವರೇ ಅಂದಾಜಿನಲ್ಲಿ ಬೆರೆಸಿಕೊಳ್ಳಬೇಕಿತ್ತು. ರುಚಿ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ಇದನ್ನು ಬದಲಿಸಿದವರು ನಾಲ್ವರು ಬಾಣಸಿಗರು: ಸಿನ್ ಲಿಯಾಂಗ್, ಹೂಯ್ ಕೊಕ್ ವೈ, ಥಾಮ್ ಯೂಯ್ ಕಾಯ್ ಮತ್ತು ಲಾವ್ ಯೋಕ್ ಪೂಯ್. ಕ್ಯಾಥೆ ರೆಸ್ಟೋರಂಟಿನಲ್ಲಿ ಒಟ್ಟಿಗೆ ಪಳಗಿದ ಇವರು ಮುಂದೆ ತಮ್ಮ ತಮ್ಮ ಹೋಟೆಲುಗಳಲ್ಲಿ ಹೆಸರು ಮಾಡಿದರು. ಏಳು ಬಣ್ಣದ ತಟ್ಟೆ ಕಟ್ಟಿ, ಸಾಸನ್ನು ಮೊದಲೇ ಹದವಾಗಿ ಬೆರೆಸಿಟ್ಟು, 1964ರ ಹೊಸ ವರ್ಷದಲ್ಲಿ ಲಾಯ್ ವಾ ರೆಸ್ಟೋರಂಟಿನಲ್ಲಿ ಅದನ್ನು ಬಡಿಸಿದರು. ಜನ ಅದನ್ನು ಒಮ್ಮೆಲೇ ಅಪ್ಪಿಕೊಳ್ಳಲಿಲ್ಲ. ಊರ ತುಂಬ ಹಬ್ಬಲು ಎಪ್ಪತ್ತರ ದಶಕ ಬರಬೇಕಾಯಿತು. ಒಂದು ದಿನದ ತಿನಿಸು ಆಮೇಲೆ ಹದಿನೈದು ದಿನಕ್ಕೂ ಚಾಚಿಕೊಂಡಿತು.

ಆ ನಾಲ್ವರು ಮಾಡಿದ ಬದಲಾವಣೆಯ ತಿರುಳು ಬಣ್ಣದಲ್ಲಿಲ್ಲ, ಕೆಲಸ ಹಂಚಿದ ರೀತಿಯಲ್ಲಿದೆ. ಮನೆಯಲ್ಲಿ ಕಷ್ಟವಾದದ್ದನ್ನೆಲ್ಲ ಹೋಟೆಲು ತಾನು ವಹಿಸಿಕೊಂಡಿತು. ಹಸಿ ಮೀನನ್ನು ಶುಚಿಯಾಗಿ, ತೆಳುವಾಗಿ ಕೊಯ್ಯುವುದಕ್ಕೆ ಪಳಗಿದ ಕೈ ಬೇಕು. ಮೂಲಂಗಿಯನ್ನು ನೀರು ಬಿಡದಂತೆ, ಎಳೆ ಮುರಿಯದಂತೆ ಹೆಚ್ಚುವುದಕ್ಕೆ ತಾಳ್ಮೆ ಬೇಕು. ಸಾಸಿನ ಹದಕ್ಕೆ ಅನುಭವ ಬೇಕು. ಇವೆಲ್ಲ ಒಳಗಿನ ಕೆಲಸ. ಯಾರು ಬೇಕಾದರೂ ಮಾಡಬಹುದಾದ, ಆದರೆ ಒಬ್ಬರೇ ಮಾಡಿದರೆ ಅರ್ಥವಿಲ್ಲದ ಕೆಲಸವೊಂದು ಮಾತ್ರ ಮೇಜಿನ ಸುತ್ತ ಇರುವವರ ಪಾಲಿಗೆ ಉಳಿಯಿತು. ಅದು ಎಲ್ಲರೂ ಕೂಡಿ ಕಲಸುವುದು, ಕಲಸುತ್ತ ಹಾರೈಸುವುದು. ಎಂಬತ್ತರ ಅಜ್ಜನೂ ಆರು ವರ್ಷದ ಮೊಮ್ಮಗಳೂ ಅದಕ್ಕೆ ಸಮಾನ ಹಕ್ಕುದಾರರು. ಹಬ್ಬದ ಅಡುಗೆಯ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಅಡುಗೆ ಎಲ್ಲಿ ಬೆಂದಿತು, ಯಾರು ಬೇಯಿಸಿದರು ಎಂಬುದರಿಂದ ಸಂಪ್ರದಾಯ ಉಳಿಯುವುದೋ ಅಳಿಯುವುದೋ ತೀರ್ಮಾನವಾಗುವುದಿಲ್ಲ. ತಿನ್ನುವವರ ಕೈಯಲ್ಲಿ ಏನು ಕೆಲಸ ಉಳಿಯಿತು ಎಂಬುದರಿಂದ ಆಗುತ್ತದೆ.

ಸಿಂಗಪುರದ ಹೊಸ ವರ್ಷದ ಊಟ ಹೋಟೆಲಿನ ಕಡೆಗೆ ವಾಲಿದ್ದಕ್ಕೆ ಮನೆಗಳ ಅಳತೆ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1960ರಲ್ಲಿ ಗೃಹಮಂಡಳಿ ಹುಟ್ಟಿದ ಮೇಲೆ ಕಾಂಪೊಂಗ್ ಎಂಬ ಹಳ್ಳಿವಠಾರಗಳು ಕರಗಿ ಜನ ಬಹುಮಹಡಿ ಫ್ಲಾಟುಗಳಿಗೆ ಹೋದರು. ಇಂದು ಅಲ್ಲಿ ನೆಲೆಸಿರುವ ಹತ್ತು ಜನರಲ್ಲಿ ಸುಮಾರು ಎಂಟು ಜನ ಇರುವುದು ಅಂಥ ಸರ್ಕಾರಿ ಫ್ಲಾಟುಗಳಲ್ಲಿ. ಕಾರಣ ನಿಜ, ಆದರೆ ಅರೆ ನಿಜ. ಅದೇ ಫ್ಲಾಟುಗಳಲ್ಲಿರುವ ಮಲಯ ಕುಟುಂಬಗಳು ಹರಿ ರಾಯ, ಅಂದರೆ ರಂಜಾನ್ ಹಬ್ಬವನ್ನು ಇವತ್ತಿಗೂ ಮುಖ್ಯವಾಗಿ ಮನೆಯಲ್ಲೇ ಆಚರಿಸುತ್ತವೆ. ರೆಂದಾಂಗ್ ಎಂಬ ಮಾಂಸದಡುಗೆ, ಕೆತುಪಾತ್ ಎಂಬ ಅಕ್ಕಿಯ ಕಡುಬು, ಕುವೆ ಎಂಬ ಬಗೆಬಗೆಯ ತಿಂಡಿಗಳನ್ನು ಮನೆಯಲ್ಲೇ ಜೋಡಿಸಿಟ್ಟು ಬಂದವರಿಗೆ ಬಡಿಸುತ್ತಾರೆ. ವ್ಯತ್ಯಾಸವಿರುವುದು ಹಬ್ಬ ಜನರನ್ನು ಸೇರಿಸುವ ಬಗೆಯಲ್ಲಿ. ಹರಿ ರಾಯದ ಭೇಟಿಗಳು ತಿಂಗಳುದ್ದ ಹರಡಿಕೊಳ್ಳುತ್ತವೆ. ಒಂದು ತಂಡ ಎದ್ದ ಮೇಲೆ ಇನ್ನೊಂದು ಬರುತ್ತದೆ, ಸಣ್ಣ ಹಜಾರವೂ ಸಾಕಾಗುತ್ತದೆ. ಚೀನೀ ಹೊಸ ವರ್ಷದ ಮುನ್ನಾದಿನದ ಊಟ ಹಾಗಲ್ಲ. ಮೂರು ತಲೆಮಾರು ಒಂದೇ ರಾತ್ರಿ, ಒಂದೇ ಹೊತ್ತಿಗೆ, ಒಟ್ಟಿಗೆ ಕೂರಲೇಬೇಕು. ಅಷ್ಟು ಜನರಿಗೆ ಮನೆ ಚಿಕ್ಕದಾದಾಗ ಹೋಟೆಲಿನ ದುಂಡು ಮೇಜು ದೊಡ್ಡ ಮನೆಯ ಪಡಸಾಲೆಯ ಕೆಲಸ ಮಾಡಿತು. ಒಟ್ಟಿಗೆ ಕೂರುವ ಕಟ್ಟಳೆಯನ್ನು ಉಳಿಸಿಕೊಳ್ಳಲೆಂದೇ ಮನೆಯವರು ಮನೆಯನ್ನು ದಾಟಿ ಬಂದರು. ಹೋಟೆಲಿಗೆ ಹೋಗುವುದು ಆಲಸ್ಯದ ಲಕ್ಷಣ ಎನ್ನುವವರು ಇದನ್ನು ಗಮನಿಸಬೇಕು.

ಮನೆಯೊಳಗಿನ ಆಚರಣೆಗೆ ಸಾಧ್ಯವಾಗದ ಇನ್ನೊಂದು ಕೆಲಸವನ್ನೂ ಈ ತಟ್ಟೆ ಮಾಡಿತು. 1964 ಸಿಂಗಪುರದ ಪಾಲಿಗೆ ಕೆಟ್ಟ ವರ್ಷ. ಊರು ಆಗ ಮಲೇಷ್ಯಾದ ಭಾಗವಾಗಿತ್ತು. ಆ ಜುಲೈನಲ್ಲಿ ಪ್ರವಾದಿಯವರ ಜನ್ಮದಿನದ ಮೆರವಣಿಗೆಯ ಹೊತ್ತಿಗೆ ಚೀನೀಯರ ಮತ್ತು ಮಲಯರ ನಡುವೆ ಗಲಭೆ ಹೊತ್ತಿಕೊಂಡಿತು. ಅದೇ ವರ್ಷ ಹೋಟೆಲಿನಲ್ಲಿ ರೂಪ ತಳೆದ ಚೀನೀ ತಿನಿಸನ್ನು ಇಂದು ಎಲ್ಲ ಸಮುದಾಯದವರೂ ಕಚೇರಿಯ ಹೊಸ ವರ್ಷದ ಊಟದಲ್ಲಿ ಒಂದೇ ತಟ್ಟೆಯ ಸುತ್ತ ನಿಂತು ಕಲಸುತ್ತಾರೆ. ಹಲಾಲ್ ಯೂಶೆಂಗ್ ಸಿಗುತ್ತದೆ, ಮೀನಿಲ್ಲದ ಸಸ್ಯಾಹಾರಿ ಯೂಶೆಂಗೂ ಸಿಗುತ್ತದೆ. ಪೂರ್ವಜರ ಪೀಠದ ಮುಂದೆ ನಡೆಯುವ ಪೂಜೆಯಲ್ಲಿ ಹೊರಗಿನವರು ಅತಿಥಿಗಳಷ್ಟೇ ಆಗಬಲ್ಲರು. ಹೋಟೆಲಿನ ಮೇಜಿನಲ್ಲಿ ಎಲ್ಲರೂ ಪಾಲುದಾರರು. ಒಂದು ತಿನಿಸು ಜನಾಂಗಗಳ ಬಿರುಕನ್ನು ಮುಚ್ಚಿತೆಂದು ಹೇಳಿದರೆ ಅತಿಶಯವಾಗುತ್ತದೆ. ಬೇರೆಯವರ ಹಬ್ಬದಲ್ಲಿ ಕೈಯಾಡಿಸಲು ಅದು ಒಂದು ದಾರಿ ಮಾಡಿಕೊಟ್ಟಿತು ಎಂಬುದಂತೂ ನಿಜ.

ಹೋಟೆಲಿನ ಊಟವೂ ಸಂಪ್ರದಾಯವೇ ಎಂಬ ಈ ವಾದಕ್ಕೆ ಮೊದಲ ಆಕ್ಷೇಪ ವ್ಯಾಪಾರದ್ದು. ಹಬ್ಬದ ದಿನಗಳಲ್ಲಿ ಗಿರಾಕಿಗಳನ್ನು ಸೆಳೆಯಲು ಹೋಟೆಲಿನವರು ಹೂಡಿದ ಉಪಾಯವನ್ನು ಸಂಪ್ರದಾಯ ಎನ್ನಬಹುದೇ ಎಂದು ಕೇಳುತ್ತಾರೆ. ಲಾಭದ ಉದ್ದೇಶ ಇದ್ದದ್ದು ಹೌದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಲಾಭದ ಆಸೆಯಿಂದ ಪ್ರತಿವರ್ಷ ಹುಟ್ಟುವ ಹೊಸತನಗಳಿಗೆ ಲೆಕ್ಕವಿಲ್ಲ. ಯೂಶೆಂಗ್ ತಟ್ಟೆಗೇ ಅಬಲೋನಿ, ಟ್ರಫಲ್, ಚಿನ್ನದ ರೇಕು ಎಂದು ಹೋಟೆಲುಗಳು ಪೈಪೋಟಿಯಲ್ಲಿ ಸೇರಿಸುತ್ತಲೇ ಬಂದಿವೆ. ಯಾವುದೂ ಇದಿಲ್ಲದೆ ಹಬ್ಬವಿಲ್ಲ ಎನ್ನಿಸಿಕೊಳ್ಳಲಿಲ್ಲ. ಅಂಗಡಿಯವರು ಏನನ್ನು ಬೇಕಾದರೂ ಮಾರಾಟಕ್ಕಿಡಬಹುದು, ಅದನ್ನು ಆಚರಣೆಯಾಗಿಸುವ ಶಕ್ತಿ ಕೊಳ್ಳುವವರದು. ಮೀನನ್ನು ತೆಗೆದರೂ ಯೂಶೆಂಗ್ ಯೂಶೆಂಗಾಗಿಯೇ ಉಳಿಯುತ್ತದೆ ಎಂಬುದೇ ಇದಕ್ಕೆ ಸಾಕ್ಷಿ. ಹಳೆಯ ರೂಪದ ಹಸಿ ಮೀನಿನ ತಟ್ಟೆಯೊಂದು ಹಾಕರ್ ಸೆಂಟರುಗಳ ಗಂಜಿ ಅಂಗಡಿಗಳಲ್ಲಿ ಬಹುಕಾಲ ಸಿಗುತ್ತಿತ್ತು. 2015ರಲ್ಲಿ ಸಿಹಿನೀರಿನ ಹಸಿ ಮೀನಿನಿಂದ ಬ್ಯಾಕ್ಟೀರಿಯಾ ಸೋಂಕು ಹರಡಿ, ಸರ್ಕಾರ ಆ ಮೀನನ್ನು ಹಸಿಯಾಗಿ ಮಾರುವುದನ್ನು ನಿಷೇಧಿಸಿತು. ಸಾಲ್ಮನ್ನಿನಂಥ ಮೀನು ಬಳಸುವ ಹಬ್ಬದ ತಟ್ಟೆಗೆ ನಿಷೇಧ ತಟ್ಟಲಿಲ್ಲ. ಆದರೆ ಗಂಜಿ ಅಂಗಡಿಯ ತಟ್ಟೆಯಲ್ಲಿ ಮೀನೇ ಸರ್ವಸ್ವವಾಗಿದ್ದರಿಂದ ಮೀನಿನ ಜೊತೆಗೇ ಅದೂ ಬಹುಮಟ್ಟಿಗೆ ಹೋಯಿತು.

ಎರಡನೆಯ ಆಕ್ಷೇಪ ವಯಸ್ಸಿನದು. ಅರವತ್ತು ವರ್ಷದ ತಿನಿಸಿಗೆ ಪರಂಪರೆಯ ಪಟ್ಟ ಯಾಕೆ ಎಂದು. ಅದೇ ಹೊಸ ವರ್ಷದಲ್ಲಿ ಸಿಂಗಪುರದ ಮನೆಮನೆಯ ಡಬ್ಬಿಯಲ್ಲಿರುವ ಅನಾನಸ್ ಟಾರ್ಟನ್ನು ನೋಡಿದರೆ ಉತ್ತರ ಸಿಗುತ್ತದೆ. ಅನಾನಸ್ ಅಮೆರಿಕ ಖಂಡದ ಹಣ್ಣು, ಬೆಣ್ಣೆ ಹಾಕಿ ಬೇಯಿಸುವ ವಿದ್ಯೆ ಯುರೋಪಿನದು. ಆದರೂ ಅದನ್ನು ಪರಕೀಯ ಎನ್ನುವವರು ಯಾರೂ ಇಲ್ಲ. ಯೂಶೆಂಗಿನ ಮೇಲೆ ಎರಡು ದೇಶಗಳ ಹಕ್ಕುಸಾಧನೆಯೂ ನಡೆದಿದೆ. ಸೆರೆಂಬಾನ್ ಪಟ್ಟಣದ ಲೋಕ್ ಚಿಂಗ್ ಫಾಟ್ ಎಂಬವರು 1940ರ ದಶಕದಲ್ಲೇ ಇಂಥದೊಂದು ತಟ್ಟೆಯನ್ನು ಮಾರುತ್ತಿದ್ದರು ಎಂಬುದು ಮಲೇಷ್ಯಾದವರ ವಾದ. ಅದೇ ನಿಜವೆಂದು ಒಪ್ಪಿದರೂ ನಮ್ಮ ವಾದಕ್ಕೆ ಧಕ್ಕೆಯಿಲ್ಲ, ಏಕೆಂದರೆ ಅವರೂ ಅಡುಗೆ ಮಾಡಿ ಮಾರುತ್ತಿದ್ದವರೇ. ಒಂದು ತಿನಿಸಿಗಾಗಿ ಎರಡು ದೇಶದ ಜನ ಇಷ್ಟು ಹಟ ಹಿಡಿಯುತ್ತಾರೆಂದರೆ ಅದು ಅವರಿಗೆ ಬರೀ ಸರಕಾಗಿ ಉಳಿದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಹೋಟೆಲು ಕೈಗೆತ್ತಿಕೊಂಡ ಕೆಲಸವನ್ನು ಮನೆ ಮರೆಯುತ್ತದೆ. ತಾಯಿಯಿಂದ ಮಗಳಿಗೆ ಬರುತ್ತಿದ್ದ ಕೈಹದ ಒಂದು ತಲೆಮಾರು ತಪ್ಪಿದರೆ ಮತ್ತೆ ಬರುವುದು ಕಷ್ಟ. ಇದು ಸುಳ್ಳಲ್ಲ. ಮನೆಯಲ್ಲೇ ಉಳಿದ ಹಬ್ಬಗಳಲ್ಲೂ ಇದು ಆಗುತ್ತಿದೆ. ಎಳೆ ತೆಂಗಿನ ಗರಿ ಹೆಣೆದು ಕೆತುಪಾತಿನ ಪುಟ್ಟ ಬುಟ್ಟಿ ಮಾಡುವ ಬದಲು ಪ್ಲಾಸ್ಟಿಕ್ ಚೀಲದಲ್ಲಿ ಬರುವ ಅಕ್ಕಿಯನ್ನು ಕುದಿಸಿಕೊಳ್ಳುವವರು ಈಗ ಬಹಳ. ಆದರೆ ಆ ಕೈಹದವನ್ನು ಹೊಗಳುವಾಗ ಅದು ಯಾರ ಕೈಯದಾಗಿತ್ತು ಎಂಬುದನ್ನೂ ನೆನೆಯಬೇಕು. ಮುನ್ನಾದಿನದ ಮಹಾಭೋಜನವೆಂದರೆ ಮನೆಯ ಹೆಂಗಸರಿಗೆ ದಿನಗಟ್ಟಲೆ ದುಡಿಮೆ. ಎಲ್ಲರೂ ಕೂತು ಉಂಡ ಹಬ್ಬದಲ್ಲಿ ಅವರಲ್ಲಿ ಎಷ್ಟೋ ಜನ ಕೊನೆಯ ಪಂಕ್ತಿಯವರು. ಹೊರಗೂ ದುಡಿಯುವ ಇಂದಿನ ಹೆಣ್ಣುಮಕ್ಕಳ ಮೇಲೆ ಆ ಹೊರೆಯನ್ನು ಸಂಪ್ರದಾಯದ ಹೆಸರಿನಲ್ಲಿ ಮತ್ತೆ ಹೊರಿಸುವುದು ನ್ಯಾಯವಲ್ಲ. ಹೋಟೆಲಿಗೆ ಹೋಗದ ಮನೆಗಳು ಕಂಡುಕೊಂಡ ದಾರಿಯೂ ಇದನ್ನೇ ಹೇಳುತ್ತದೆ. ಸಿಂಗಪುರದಲ್ಲಿ ಮುನ್ನಾದಿನ ಮನೆಯಲ್ಲಿ ಉಣ್ಣುವ ಬಹಳಷ್ಟು ಕುಟುಂಬಗಳು ಈಗ ಸ್ಟೀಮ್‌ಬೋಟ್ ಇಡುತ್ತವೆ. ಮೇಜಿನ ನಡುವೆ ಕುದಿಯುವ ಸಾರು, ಸುತ್ತ ಹಸಿ ತರಕಾರಿ, ಮೀನು, ಮಾಂಸ. ಬೇಕಾದ್ದನ್ನು ಅದ್ದಿ ಬೇಯಿಸಿಕೊಳ್ಳುವುದು ಅವರವರ ಕೆಲಸ. ಒಬ್ಬರ ದುಡಿಮೆ ಎಲ್ಲರ ಕೈಗೂ ಹಂಚಿಹೋಯಿತು. ಹೋಟೆಲಿನ ಲೋ ಹೇಯೂ ಮನೆಯ ಸ್ಟೀಮ್‌ಬೋಟೂ ಬೇರೆ ಬೇರೆ ಕಡೆಯಿಂದ ಹೊರಟು ಒಂದೇ ಜಾಗಕ್ಕೆ ಬಂದು ನಿಂತಿವೆ.

ಹಾಗೆಂದು ಹೋಟೆಲು ಮಾಡಿದ್ದೆಲ್ಲ ಸರಿ ಎಂದಲ್ಲ. ಮುನ್ನಾದಿನದ ರಾತ್ರಿ ಅಲ್ಲಿನ ದೊಡ್ಡ ಚೀನೀ ಹೋಟೆಲುಗಳಲ್ಲಿ ಎರಡು ಪಂಕ್ತಿ ನಡೆಯುವುದು ಮಾಮೂಲು. ಮೊದಲ ಪಂಕ್ತಿಯವರು ಹೊತ್ತಿಗೆ ಸರಿಯಾಗಿ ಏಳಲೇಬೇಕು. ಬೇಕಾದ್ದನ್ನು ಆರಿಸಿಕೊಳ್ಳುವ ಅವಕಾಶವಿಲ್ಲದ ನಿಗದಿತ ಊಟ, ಎಂದಿಗಿಂತ ಏರಿದ ದರ, ಅದರ ಮೇಲೆ ಶೇ 10 ಸೇವಾ ಶುಲ್ಕ, ಶೇ 9 ತೆರಿಗೆ. ಇಲ್ಲಿ ಉಣ್ಣುವವರಿಗೆ ಉಳಿಯುವ ಕೆಲಸ ಬಿಲ್ಲು ಕಟ್ಟುವುದೊಂದೇ ಆದರೆ ಅದು ಹಬ್ಬದೂಟವಲ್ಲ, ದುಬಾರಿ ಊಟವಷ್ಟೇ. ಶರತ್ಕಾಲದ ಹುಣ್ಣಿಮೆಗೆ ಹೋಟೆಲುಗಳು ಆಡಂಬರದ ಪೆಟ್ಟಿಗೆಯಲ್ಲಿ ಮಾರುವ ಮೂನ್‌ಕೇಕುಗಳೂ ಇದೇ ಅಂಚಿನಲ್ಲಿವೆ. ಒಂದು ಕೇಕನ್ನು ತುಂಡು ಮಾಡಿ ಮನೆಮಂದಿಯೆಲ್ಲ ಹಂಚಿಕೊಳ್ಳುವುದು ಅದರ ಜೀವಾಳ. ಪೆಟ್ಟಿಗೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಕೈಬದಲಾಗುವ ಉಡುಗೊರೆ ಮಾತ್ರವಾದರೆ ಆ ಜೀವ ಉಳಿಯುವುದಿಲ್ಲ. ಲೋ ಹೇಯಲ್ಲಿ ಚೆಲ್ಲಿಹೋಗುವ ಆಹಾರದ ಬಗೆಗಿನ ದೂರಿನಲ್ಲೂ ಹುರುಳಿದೆ. ಶೇ 90ಕ್ಕೂ ಹೆಚ್ಚು ಆಹಾರವನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಮೇಜಿನ ಮೇಲೆ ಚೆಲ್ಲುವುದು ಭೂಷಣವಲ್ಲ. ಆದರೆ ಇದಕ್ಕೆ ಪರಿಹಾರ ಕಲಸುವುದನ್ನು ನಿಲ್ಲಿಸುವುದಲ್ಲ, ಜನ ಎಷ್ಟೋ ತಟ್ಟೆ ಅಷ್ಟೇ ಎಂದು ಚಿಕ್ಕದನ್ನು ತರಿಸುವುದು. ದರದ ದೂರಿಗೂ ಉತ್ತರವಿದೆ. ತಟ್ಟೆಯ ಬಹುಪಾಲು ಮೂಲಂಗಿ, ಕ್ಯಾರೆಟ್ಟು. ಸೂಪರ್ ಮಾರ್ಕೆಟ್ಟಿನಲ್ಲಿ ಅದರ ಸಿದ್ಧ ಪೊಟ್ಟಣ ಸಿಗುತ್ತದೆ, ಅದನ್ನು ತಂದು ಮನೆಯಲ್ಲೇ ಕಲಸುವವರು ಬೇಕಾದಷ್ಟಿದ್ದಾರೆ. ಹೋಟೆಲಿನಲ್ಲಿ ಹುಟ್ಟಿದ್ದು ಹೀಗೆ ಮನೆಗೂ ಬಂತು.

ಈ ವಾದಕ್ಕೆ ಕಠಿಣ ಪರೀಕ್ಷೆ ಒದಗಿದ್ದು 2021ರಲ್ಲಿ. ಕೋವಿಡ್ ನಿಯಮಗಳ ಪ್ರಕಾರ ಆ ಹೊಸ ವರ್ಷ ಒಂದು ಮೇಜಿಗೆ ಎಂಟೇ ಜನ, ಒಂದು ಮನೆಗೆ ದಿನಕ್ಕೆ ಎಂಟೇ ಅತಿಥಿಗಳು. ಹೋಟೆಲಿನಲ್ಲಿ ಲೋ ಹೇ ಮಾಡುವವರು ಮಾಸ್ಕ್ ತೆಗೆಯುವಂತಿಲ್ಲ, ಹಾರೈಕೆಯ ಮಾತುಗಳನ್ನು ಬಾಯಿಬಿಟ್ಟು ಹೇಳುವಂತಿಲ್ಲ. ರುಚಿಗೆ ಇದರಿಂದ ಏನೂ ಕೊರತೆಯಿರಲಿಲ್ಲ. ಮೀನು, ಸಾಸು, ಎಳ್ಳು ಎಲ್ಲವೂ ಎಂದಿನಂತೆಯೇ ಇದ್ದವು. ಯೂಶೆಂಗ್ ಬರೀ ತಿನಿಸಾಗಿದ್ದರೆ ಈ ನಿಯಮವನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ, ಸರ್ಕಾರಕ್ಕೂ ಅದನ್ನು ಪ್ರತ್ಯೇಕವಾಗಿ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಹೋಟೆಲಿನ ಒಂದು ತಿನಿಸನ್ನು ಕಲಸುವ ಬಗೆಗೆ ದೇಶವೊಂದು ನಿಯಮ ಬರೆಯಬೇಕಾಯಿತು ಎಂಬುದೇ ಆ ಕಲಸುವಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದು ತೋರಿಸುತ್ತದೆ.

ಕನ್ನಡಿಗರಿಗೆ ಈ ಕತೆ ದೂರದ್ದಲ್ಲ. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಬೆಂಗಳೂರಿನ ಎಂಟಿಆರ್‌ನ ಶಾಖೆಯಿದೆ. ಅಲ್ಲಿ ರವೆ ಇಡ್ಲಿಯನ್ನು ಊರಿನ ರುಚಿಯೆಂದು ನೆನೆದು ತಿನ್ನುವವರಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ತಮ್ಮ ಹೋಟೆಲಿನಲ್ಲೇ ಅದನ್ನು ರೂಪಿಸಿದ್ದು ಎಂದು ಎಂಟಿಆರ್‌ನವರು ಹೇಳುತ್ತಾರೆ. ಹೋಟೆಲಿನ ತಿಂಡಿ ನಮ್ಮಲ್ಲೂ ಮನೆಯ ತಿಂಡಿಯಾಗಿದೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಕೊಬ್ಬರಿ, ಬೆಲ್ಲವನ್ನು ಒಂದೇ ಅಳತೆಗೆ ಸಣ್ಣಗೆ ಹೆಚ್ಚಿ ಒಣಗಿಸುವ ಕೆಲಸವನ್ನು ನಗರದ ಎಷ್ಟೋ ಮನೆಗಳು ಅಂಗಡಿಗೆ ಒಪ್ಪಿಸಿ ವರ್ಷಗಳೇ ಆದವು. ಆದರೂ ಹಬ್ಬ ನಡೆದೇ ಇದೆ, ಏಕೆಂದರೆ ಎಳ್ಳು ಬೀರುವುದನ್ನು ಅಂಗಡಿಗೆ ಒಪ್ಪಿಸಿಲ್ಲ. ಮಕ್ಕಳು ಹೊಸ ಬಟ್ಟೆ ತೊಟ್ಟು ಮನೆಮನೆಗೆ ಹೋಗಿ ಎಳ್ಳು ಕೊಟ್ಟು ಬರುವ ತನಕ ಬೆಲ್ಲ ಹೆಚ್ಚಿದ ಕೈ ಯಾವುದಾದರೂ ಸಂಕ್ರಾಂತಿಗೆ ಕುಂದಿಲ್ಲ. ಪೊಟ್ಟಣವನ್ನು ಡೆಲಿವರಿ ಹುಡುಗನ ಕೈಯಲ್ಲಿ ಕಳಿಸಿ ಮುಗಿಸಿದ ದಿನ ಮಾತ್ರ, ಆ ಎಳ್ಳನ್ನು ಮನೆಯಲ್ಲೇ ಹುರಿದಿದ್ದರೂ, ಹಬ್ಬ ಸೋತಂತೆ.

ಆಹಾರ ಪರಂಪರೆಯನ್ನು ಉಳಿಸುವ ಮಾತು ಬಂದಾಗಲೆಲ್ಲ ನಾವು ಪಾಕವಿಧಾನಗಳನ್ನು ಬರೆದಿಡಲು ಹೊರಡುತ್ತೇವೆ, ಅಳತೆ ದಾಖಲಿಸುತ್ತೇವೆ, ಹಳೆಯ ಪಾತ್ರೆಗಳನ್ನು ಹುಡುಕುತ್ತೇವೆ. ಅದೆಲ್ಲ ಬೇಕಾದದ್ದೇ, ಆದರೆ ಸಾಲದು. ಪಾಕ ಪುಸ್ತಕದಲ್ಲಿ ಉಳಿಯಬಹುದು, ಹಬ್ಬ ಉಳಿಯುವುದು ಕೂಡಿ ಮಾಡುವ ಕೆಲಸದಲ್ಲಿ. ಆದ್ದರಿಂದ ಹಬ್ಬದ ಅಡುಗೆಯನ್ನು ಹೊರಗಿನಿಂದ ತರಿಸುವ ಮನೆಗಳು ತಪ್ಪಿತಸ್ಥ ಭಾವದಿಂದ ಕುಗ್ಗಬೇಕಿಲ್ಲ. ಯಾವ ಕೆಲಸವನ್ನು ಹೊರಗೆ ಒಪ್ಪಿಸಬಹುದು, ಯಾವುದನ್ನು ಬಿಟ್ಟುಕೊಡಬಾರದು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಸಾಕು. ಹೋಟೆಲಿನವರ ಮೇಲೂ ಒಂದು ಹೊಣೆಯಿದೆ. ಎಲ್ಲವನ್ನೂ ಸಿದ್ಧಪಡಿಸಿ ಬಡಿಸುವುದೇ ಉತ್ತಮ ಸೇವೆ ಎಂದುಕೊಳ್ಳದೆ, ಉಣ್ಣುವವರ ಕೈಗೂ ಒಂದು ಕೆಲಸ ಬಿಡಬೇಕು, ಅದನ್ನು ಮಾಡಿ ಮುಗಿಸುವಷ್ಟು ಹೊತ್ತು ಮೇಜನ್ನೂ ಬಿಟ್ಟುಕೊಡಬೇಕು. ಸಿಂಗಪುರದ ನಾಲ್ವರು ಬಾಣಸಿಗರು ಕಷ್ಟದ ಕೆಲಸವನ್ನೆಲ್ಲ ತಾವು ಮಾಡಿ, ಸಂತೋಷದ ಕೆಲಸವನ್ನು ಗಿರಾಕಿಗಳಿಗೆ ಬಿಟ್ಟರು. ಅವರ ತಟ್ಟೆ ಅರವತ್ತು ವರ್ಷ ಬಾಳಿ ಬಂದಿರುವುದು ಈ ಹಂಚಿಕೆಯ ಬಲದಿಂದ. ಹಬ್ಬದ ಯಾವುದೇ ಅಡುಗೆ, ಅದು ಮನೆಯದಿರಲಿ ಹೋಟೆಲಿನದಿರಲಿ, ಮುಂದಿನ ತಲೆಮಾರಿಗೆ ದಾಟಬೇಕಾದರೆ ಆ ತಲೆಮಾರಿನ ಮಕ್ಕಳಿಗೆ ಅದರಲ್ಲಿ ಇಂದೇ ಒಂದು ಪಾಲು ಕೆಲಸ ಕೊಡಬೇಕು.